ಕಲಾಯಿ ಓಣಿಯ ಬಾಗಿಲುಗಳಿಗೆ ನಾನು ಹಾಕಿಸಿದ ಅಂಕಿಗಳು

೧೯೪೧ನೆಯ ಇಸವಿ, ನವೆಂಬರ್ ೧೦, ಸೋಮವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾಗಳು ನಿಲ್ಲುವ ಕಡೆ ನಾನು ನಿಂತಿದ್ದೆ. ಧಾರವಾಡದ ಗಾಡಿ ಹನ್ನೆರಡು ನಿಮಿಷ ತಡ. ಅದರಿಂದ ಇಳಿಯಬೇಕಾದವನು ಬಿ.ಎ. ಓದುವ ಒಬ್ಬ ವಿದ್ಯಾರ್ಥಿ. ಮುಂದಿನ ಆರು ವಾರ ಅವನಿಗೆ ಕ್ಷೇತ್ರದ ಕೆಲಸ ಕಲಿಸುವ ಹೊಣೆ ನನ್ನದಾಗಿತ್ತು.

ಆಗ ನಾನೂ ವಿದ್ಯಾರ್ಥಿಯೇ. ಮುಂಬಯಿಯಲ್ಲಿ ಪದವೀಧರರಿಗಾಗಿ ಇರುವ ಸಮಾಜಸೇವೆಯ ಶಿಕ್ಷಣದ ಎರಡನೆಯ ವರ್ಷದಲ್ಲಿದ್ದೆ. ಹಿರಿಯ ವಿದ್ಯಾರ್ಥಿಯೊಬ್ಬ ಕಾಲೇಜಿನ ಕಿರಿಯನೊಬ್ಬನನ್ನು ಜೊತೆಗಿಟ್ಟುಕೊಂಡು ಒಂದು ಓಣಿಯ ಕುಟುಂಬಗಳನ್ನು ಅಭ್ಯಾಸ ಮಾಡಬೇಕೆಂದು ನಮ್ಮ ಅಧ್ಯಾಪಕರು ಗೊತ್ತುಮಾಡಿದ್ದರು. ನನಗೆ ಇಪ್ಪತ್ತಮೂರು ವರ್ಷ, ಅವನಿಗೆ ಇಪ್ಪತ್ತು. ಅವನದು ಹೆಬ್ಬಳ್ಳಿಯ ಒಕ್ಕಲುತನದ ಮನೆ. ಧಾರವಾಡದ ಮಾಳಮಡ್ಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ, ದಿನಾಲೂ ಗಾಡಿಯಲ್ಲಿ ಬಂದುಹೋಗುತ್ತಿದ್ದ. ನಾನು ಕಾರವಾರದ ಕಡೆಯವನು. ಹುಬ್ಬಳ್ಳಿಯಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಕೇಶ್ವಾಪುರದಲ್ಲಿ ಒಂದು ಕೋಣೆ ಹಿಡಿದಿದ್ದೆ.

ಹಳೇಹುಬ್ಬಳ್ಳಿಯ ಆ ಓಣಿಯಲ್ಲಿ ತಾಮ್ರ-ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಮುಸಲ್ಮಾನ ಕುಟುಂಬಗಳು ಹೆಚ್ಚು, ನಡುನಡುವೆ ನೇಕಾರರು. ಎಲ್ಲರೂ ಅದನ್ನು ಕಲಾಯಿ ಓಣಿ ಎನ್ನುತ್ತಿದ್ದರು. ಒಟ್ಟು ನಲವತ್ತೊಂದು ಮನೆ. ಪ್ರತಿ ಮನೆಗೆ ಮೂರು ಭೇಟಿ, ಮನೆಗೊಂದು ಕಾರ್ಡು, ಕಾರ್ಡಿನಲ್ಲಿ ನಲವತ್ತೆರಡು ಪ್ರಶ್ನೆ. ಮಾರ್ಗದರ್ಶಕನಾದ ನಾನು ಓಣಿಯೊಳಗೆ ಕಾಲಿಡಬಾರದೆಂಬುದು ನಮಗೆ ಕಲಿಸಿದ ಪದ್ಧತಿ. ಹಿರಿಯನು ಹಿಂದೆ ನಿಂತರೆ ಕಿರಿಯನಿಗೆ ಸ್ವಂತ ಕಾಲು ಬರುವುದಿಲ್ಲ. ಅವನು ಭೇಟಿ ಮಾಡಿ ಬಂದು, ನಡೆದ ಮಾತನ್ನೆಲ್ಲ ಟಿಪ್ಪಣಿಯಾಗಿ ಬರೆಯಬೇಕು. ನಾನು ಅದನ್ನೋದಿ ಕೆಂಪು ಪೆನ್ಸಿಲಿನಿಂದ ಬದಿಯಲ್ಲಿ ನನ್ನ ಮಾತು ಬರೆಯಬೇಕು. ಶನಿವಾರ ಕೂತು ಚರ್ಚೆ.

ಹೀಗಾಗಿ ಅವನು ಓಣಿಯೊಳಗಿದ್ದಷ್ಟು ಹೊತ್ತು ನಾನು ಅಲ್ಲಿಂದ ಎರಡು ಫರ್ಲಾಂಗು ದೂರ, ಒಂದು ಹಳೆಯ ಸಾಲೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ದಿನಚರಿಯಲ್ಲಿ ಆಗ ನಾನೊಂದು ಪಟ್ಟಿ ಇಟ್ಟಿದ್ದೆ: ಕೆಲಸದ ಹೊರತು ಯಾರೊಡನೆ ಮಾತಾಡಿದೆ ಎಂದು. ಮೊದಲ ವಾರದ ಮೊತ್ತ ಹೀಗಿದೆ. ಖಾನಾವಳಿಯವರೊಡನೆ ಏಳು ಸಲ, ಅಂಚೆಯವನೊಡನೆ ಎರಡು ಸಲ. ಕೊಂಕಣಿಯಲ್ಲಿ ಒಂದು ಸಲವೂ ಇಲ್ಲ.

ಕಿರಿಯ ವಿದ್ಯಾರ್ಥಿಗೆ ಮಾತಿನ ಕೊರತೆ ಇರಲಿಲ್ಲ. ಅವನ ಟಿಪ್ಪಣಿಗಳನ್ನು ಓದುವುದೇ ನನ್ನ ದಿನದ ಸಹವಾಸವಾಯಿತು. ಒಂದು ಮನೆಯಲ್ಲಿ ಹದಿನಾಲ್ಕನೆಯ ಪ್ರಶ್ನೆ ಕೇಳಿದನಂತೆ: "ಈ ಕ್ವಾಣ್ಯಾಗ ಎಷ್ಟ ಮಂದಿ ಮಲಗ್ತೀರ್ರಿ?" ಆ ಮನೆಯಾಕೆ ಹೇಳಿದಳಂತೆ: "ಎಲ್ಲಾರೂ ಮಲಗ್ತೀವಪಾ. ನಿಮ್ಮೂರಾಗ ಏನ್ ನಿಂತ ನಿದ್ದಿ ಮಾಡ್ತೀರೇನು?" ಓಣಿಯವರು ಅವನನ್ನು 'ಕಾರ್ಡಿನ ಸಾಹೇಬ' ಎಂದು ಕರೆಯತೊಡಗಿದ್ದರು. ಇದನ್ನೋದಿ ನಾನು ಕಟ್ಟೆಯ ಮೇಲೆ ಒಬ್ಬನೇ ನಕ್ಕೆ. ನಕ್ಕಮೇಲೆ ಬದಿಯಲ್ಲಿ ಬರೆದೆ: 'ಉತ್ತರ ಸಂಖ್ಯೆಯಲ್ಲಿ ಬೇಕು.'

ಶನಿವಾರ, ೧೫ನೆಯ ತಾರೀಖು. ವಾರದ ಕಾರ್ಡುಗಳನ್ನು ಎಣಿಸಿದೆ. ಹತ್ತೊಂಬತ್ತು ಮನೆ ಎಂದು ಅವನು ಬರೆದಿದ್ದ, ತಾಳೆ ನೋಡಿದರೆ ಹದಿನೇಳೇ. ಎರಡು ಮನೆಗೆ ಎರಡೆರಡು ಕಾರ್ಡು ತುಂಬಿದ್ದ. ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮುನಸಿಪಾಲಿಟಿಯ ನಂಬರು ಕೆಲವಕ್ಕೆ ಇತ್ತು, ಕೆಲವಕ್ಕೆ ಇರಲಿಲ್ಲ. ಆಗ ನಾನೊಂದು ಉಪಾಯ ಹೇಳಿದೆ. ಪ್ರತಿ ಬಾಗಿಲ ಚೌಕಟ್ಟಿನ ಮೇಲೆ ಒಂದು ವೃತ್ತ, ಅದರೊಳಗೆ ನಮ್ಮ ಅಂಕಿ. ಒಂದೊಂದು ಭೇಟಿ ಮುಗಿದ ಹಾಗೆ ಕೆಳಗೆ ಒಂದೊಂದು ಗೀಟು. ಸೀಮೆಸುಣ್ಣ ಒರೆಸಿಹೋಗುತ್ತದೆ, ಆದ್ದರಿಂದ ಕಾವಿಯ ಬಣ್ಣ.

ಅವನು ಕಾರ್ಡುಗಳನ್ನು ಕಟ್ಟಿ ಪಕ್ಕಕ್ಕಿಟ್ಟ. ಆಮೇಲೆ, "ಬಾಗಲದ ಮ್ಯಾಲ ಬರಿಯೂದು ಬ್ಯಾಡ ಅನಸ್ತೈತ್ರಿ" ಎಂದ.

"ಯಾಕೆ ಬೇಡ? ಕಾರಣ ಹೇಳಿ."

"ಕಾರಣ ಗೊತ್ತಿಲ್ರಿ. ಮನಸಿಗೆ ಬರವಲ್ದು."

"ಮನಸ್ಸಿಗೆ ಬರುವುದಿಲ್ಲ ಎಂಬುದು ಕಾರಣವಲ್ಲ" ಎಂದೆ. ಹಾಗೆ ಹೇಳಿದ್ದು ನನ್ನ ದಿನಚರಿಯಲ್ಲಿ ಇದೆ. ನನಗದು ಆಗ ಒಳ್ಳೆಯ ಪಾಠವೆನಿಸಿತ್ತು.

ಸೋಮವಾರ ೧೭ರಂದು ಅವನು ನಲವತ್ತೊಂದು ಬಾಗಿಲಿಗೂ ಅಂಕಿ ಹಾಕಿದ. ಅಂದೇ ಹತ್ತೊಂಬತ್ತನೆಯ ಮನೆಯ ಮೊದಲ ಭೇಟಿ. ಆ ಮನೆಯಲ್ಲಿದ್ದವರು ಮೂವರು: ವಯಸ್ಸಾದ ಅತ್ತೆ, ಹಳ್ಳಿಗಳಿಗೆ ಒಲೆ ಊದುವ ತಿದಿ ಹೊತ್ತುಕೊಂಡು ಹೋಗಿ ಕಲಾಯಿ ಹಾಕುವ ಮಗ, ಮತ್ತು ತುಂಬು ಬಸುರಿ ಸೊಸೆ. ಅವನ ಟಿಪ್ಪಣಿ ಮೂರು ಹಾಳೆ ಉದ್ದವಿತ್ತು. ಸೊಸೆಯ ಕಾಲು ಬಾತಿವೆ, ಮುಖವೂ ಬಾತಿದೆ, ತಲೆ ಸಿಡಿಯುತ್ತದೆ ಎನ್ನುತ್ತಾಳೆ, ಎದುರಿಗಿದ್ದವರು ಮಸುಕಾಗಿ ಕಾಣುತ್ತಾರಂತೆ. ಇದರ ನಡುವೆ ಅವಳ ತವರಿನ ಸುದ್ದಿ, ಅಲ್ಲಿನ ಕೆರೆ, ಅವಳ ತಂದೆ ಎತ್ತುಗಳಿಗೆ ಲಾಳ ಕಟ್ಟುವುದು, ಮದುವೆಯಲ್ಲಿ ಯಾರೋ ಬಿದ್ದದ್ದು. ಕೊನೆಗೆ ಒಂದು ಸಾಲು: 'ಅತ್ತೆ ಬಾಗಿಲ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇನ್ನೂ ಯಾರ್ಯಾರ ಬಾಗಿಲಿಗೆ ಹಾಕಿದ್ದೀರಿ ಎಂದು ಕೇಳಿದರು. ನಾನು ಪಟ್ಟಿ ಓದಿ ಹೇಳಿದೆ.'

ನಾನು ಮೂರು ಕಡೆ ಬರೆದೆ. ಕಾಯಿಲೆಯ ವಿಷಯಕ್ಕೆ: 'ಸರಿ. ದವಾಖಾನೆಗೆ ತಿಳಿಸೋಣ.' ತವರಿನ ವಿಷಯಕ್ಕೆ ಉದ್ದಕ್ಕೆ ಗೀಟೆಳೆದು: 'ಅಪ್ರಸ್ತುತ. ಪ್ರಶ್ನೆಗಳ ಕ್ರಮ ಬಿಡಬೇಡಿ. ಶುದ್ಧಪ್ರತಿ ಮಾಡಿಕೊಡಿ.' ಅತ್ತೆಯ ವಿಷಯಕ್ಕೆ: 'ಪಟ್ಟಿ ತೋರಿಸಬಾರದು. ಕೇಳುವವರು ನಾವು.'

ಅವನು ಮರುದಿನ ಒಂದೇ ಹಾಳೆಯ ಶುದ್ಧಪ್ರತಿ ತಂದುಕೊಟ್ಟ.

ಬುಧವಾರ ೧೯ರಂದು ಇಬ್ಬರೂ ಹೆರಿಗೆ ದವಾಖಾನೆಗೆ ಹೋದೆವು. ಅಲ್ಲಿಯ ನರ್ಸಬಾಯಿ ನಮ್ಮ ಹಾಳೆಯನ್ನು ಓದಿ ಕನ್ನಡಕ ತೆಗೆದಳು.

"ಬರೇ ಕಾಲ ಬಾತಿದ್ರ ಬಿಡ್ರಿ ಅಂತಿದ್ದೆ. ಮಾರಿ ಬಾತೈತಿ, ಕಣ್ಣ ಮಂಜ ಅಂತಾಳ ಅಂದ್ರ ಇದು ಛಲೋ ಅಲ್ಲ. ಶುಕ್ರವಾರ ಹತ್ತಕ್ಕ ನಾನ ಬರ್ತೇನಿ. ಅಲ್ಲೀತನಕಾ ಆಕಿನ್ನ ಕತ್ತಲ ಕ್ವಾಣ್ಯಾಗ ಸುಮ್ನ ಮಲಗಸ್ರಿ. ಎತ್ತಿನ ಚಕ್ಕಡ್ಯಾಗ ಮಾತ್ರ ಎಲ್ಲೂ ಒಯ್ಯಬ್ಯಾಡ್ರಿ. ಕುಲುಕಿತಂದ್ರ ಫಿಟ್ಸ್ ಬಂದೀತು. ಎರಡೂ ಜೀವ ಹೋಗ್ತಾವು."

ಅಂದು ಮಧ್ಯಾಹ್ನ ಕಿರಿಯ ವಿದ್ಯಾರ್ಥಿ ಹತ್ತೊಂಬತ್ತನೆಯ ಮನೆಗೆ ಎರಡನೆಯ ಸಲ ಹೋಗಿ ಇದನ್ನು ತಿಳಿಸಿದ. ಶುಕ್ರವಾರ ದವಾಖಾನೆಯವರು ಬರುತ್ತಾರೆ, ಸೊಸೆಯನ್ನು ಎಲ್ಲಿಗೂ ಕಳಿಸಬೇಡಿ ಎಂದ. ಹೊರಗೆ ಬಂದು ನನ್ನ ಪದ್ಧತಿಯ ಪ್ರಕಾರ ವೃತ್ತದ ಕೆಳಗೆ ಎರಡನೆಯ ಗೀಟು ಎಳೆದ.

ಗುರುವಾರ ಅವನಿಗೆ ಕಾಲೇಜಿನಲ್ಲಿ ಪರೀಕ್ಷೆ. ನಾನು ಕೋಣೆಯಲ್ಲಿ ಕೂತು ಮುಂಬಯಿಗೆ ವರದಿ ಬರೆದೆ. ಅಂದಿನ ಮಾತಿನ ಪಟ್ಟಿ: ಖಾನಾವಳಿ, ಒಂದು ಸಲ.

ಶುಕ್ರವಾರ ೨೧ನೆಯ ತಾರೀಖು, ಬೆಳಿಗ್ಗೆ ಎಂಟೂವರೆ. ಓಣಿಗೆ ಹೋದವನು ಹತ್ತು ನಿಮಿಷದಲ್ಲಿ ಸಾಲೆಯ ಕಟ್ಟೆಗೆ ಓಡಿ ಬಂದ.

"ಕೀಲಿ ಹಾಕ್ಯಾರ್ರೀ. ಹನ್ನೊಂದ ಮನಿಗೆ ಕೀಲಿ ಬಿದ್ದೈತಿ. ಉಳದವ್ರು ಬಾಗಲಾ ತಗ್ಯಾಂಗಿಲ್ಲ. ಹತ್ತೊಂಬತ್ತನೇದೂ ಕೀಲಿ."

ಆಗ ಮೊದಲ ಸಲ ನಾನು ಕಲಾಯಿ ಓಣಿಯೊಳಗೆ ಕಾಲಿಟ್ಟೆ. ಇಪ್ಪತ್ತನೆಯ ಮನೆಯ ಜಗುಲಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಕಾಲು ನೋವಿನಿಂದ ದೂರ ನಡೆಯಲಾರದವನು. ವಿದ್ಯಾರ್ಥಿ ಅವನನ್ನು ಕಾಕಾ ಎನ್ನುತ್ತಿದ್ದ.

"ಬರಿಸಿದಾಂವ ಇಂವ ಏನ?" ಎಂದು ಕಾಕಾ ನನ್ನನ್ನು ನೋಡಿ ಕೇಳಿದ.

"ಹೌದ್ರಿ ಕಾಕಾ."

"ಸಣ್ಣಾಂವ ಅದಾನಲೇ! ನಾ ಯಾರೋ ಮೀಸಿ ಸಾಹೇಬ ಇರಬೇಕ ಅನ್ಕೊಂಡಿದ್ದೆ." ಕಾಕಾ ನಗಲಿಲ್ಲ. "ಬಾ ತಮ್ಮಾ, ಕುಂದ್ರ. ಪ್ಲೇಗ ಬಂದಾಗ ನಿಮ್ಮೂರ ಬಾಗಲಕ್ಕ ಯಾರೂ ಬರದಿರಲಿಲ್ಲೇನ?"

ನಾನು ಇಲ್ಲವೆಂದೆ. ನಮ್ಮ ಮನೆಯಲ್ಲಿ ಪ್ಲೇಗಿನ ಮಾತನ್ನೇ ನಾನು ಕೇಳಿರಲಿಲ್ಲ.

"ಇಲ್ಲಿ ಬರದಿದ್ರು. ಹಿಂಗ ದುಂಡಗ, ಒಳಗೊಂದ ಅಂಕಿ. ಇದ ಕೆಂಪ. ಆಮ್ಯಾಲ ಆ ಮನ್ಯಾಗ ಒಬ್ಬೊಬ್ರು ಹೋದಂಗ ಕೆಳಗ ಒಂದೊಂದ ಗೀಟ. ಗೀಟ ಬಿದ್ದ ಮನ್ಯಾಗ ಉಳದವ್ರನ್ನ ಎಳಕೊಂಡ ಹೋಗಿ ಗುಡಸಲದಾಗ ಹಾಕತಿದ್ರು. ಬಾಜೂ ಮನಿ ಅಕ್ಕ ಆವಾಗ ಸಣ್ಣಾಕಿ. ಆಕಿ ಬಾಗಲಕ್ಕ ಮೂರ ಗೀಟ ಬಿದ್ದಿದ್ದುವು. ಈಗ ನೀವು ಎರಡ ಹಾಕೀರಿ. ಮ್ಯಾಲ, ದವಾಖಾನಿಯವ್ರು ಬರ್ತಾರ, ಸೊಸಿನ್ನ ಎಲ್ಲಿಗೂ ಕಳಸಬ್ಯಾಡ್ರಿ ಅಂತ ಹೇಳೀರಿ. ಮೂರನೇ ಗೀಟಿಗೆ ಯಾರ ಕಾಯ್ತಾರ? ನಿನ್ನೆ ನಸಿಕಿನ್ಯಾಗ ಚಕ್ಕಡಿ ಕಟ್ಟಿದ್ರು."

ಚಕ್ಕಡಿ ಎಂಬ ಮಾತು ಕೇಳಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಿರಿಯ ವಿದ್ಯಾರ್ಥಿ ನೆಲ ನೋಡುತ್ತ, "ನಾ ಬ್ಯಾಡ ಅಂದಿದ್ದೆ" ಎಂದ. ಆ ಮಾತನ್ನು ಅವನು ಆಮೇಲೆ ಎಂದೂ ಎತ್ತಲಿಲ್ಲ.

ಹತ್ತು ಗಂಟೆಗೆ ಸರಿಯಾಗಿ ನರ್ಸಬಾಯಿ ಚೀಲ ಹಿಡಿದು ಬಂದಳು. ಕೀಲಿ ನೋಡಿದಳು, ನನ್ನನ್ನು ನೋಡಿದಳು. "ಎಲ್ಲಿದಾಳ ಅಂತ ತಿಳೀತಂದ್ರ ಹೇಳಿಕಳಸ್ರಿ. ಎಷ್ಟ ದೂರ ಇದ್ರೂ ಬರ್ತೇನಿ" ಎಂದು ಹೇಳಿ ಹೋದಳು.

ನಿಯಮದ ಪ್ರಕಾರ, ಕೆಲಸದಲ್ಲಿ ತೊಡಕು ಬಂದರೆ ನಾನು ಮುಂಬಯಿಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕು. ಉತ್ತರ ಬರಲು ಐದು ದಿನ. ಕಾಕಾನ ಜಗುಲಿಯ ಮೇಲೆ ಸುಮಾರು ಕಾಲು ಗಂಟೆ ಕೂತು ನಾನು ನಿರ್ಧಾರ ಮಾಡಿದೆ. ಅಭ್ಯಾಸ ನಿಲ್ಲಿಸುವುದು. ಗುರುತುಗಳನ್ನೆಲ್ಲ ಇಂದೇ ಅಳಿಸುವುದು. ಪ್ರತಿ ಬಾಗಿಲಲ್ಲೂ ನಾನೇ ನಿಂತು, ಇದನ್ನು ಬರೆಸಿದವನು ನಾನು, ಇದಕ್ಕೂ ಯಾವ ಬೇನೆಗೂ ಸಂಬಂಧವಿಲ್ಲ, ಈ ಹುಡುಗ ಬೇಡವೆಂದಿದ್ದ ಎಂದು ಹೇಳುವುದು. ಅದಾದಮೇಲೆ ಹತ್ತೊಂಬತ್ತನೆಯ ಮನೆಯವರನ್ನು ಹುಡುಕುವುದು. ಆ ಕ್ರಮವೂ ತಪ್ಪಾಗಿತ್ತು, ಮೊದಲು ಹುಡುಕಬೇಕಿತ್ತು ಎಂದು ಈಗ ತಿಳಿಯುತ್ತದೆ. ಆದರೆ ಎಲ್ಲಿ ಹೋದರೆಂದು ಹೇಳಬಲ್ಲ ಯಾರೂ ಆ ಗುರುತುಗಳಿರುವ ತನಕ ನಮಗೆ ಬಾಗಿಲು ತೆರೆಯುತ್ತಿರಲಿಲ್ಲ.

ಹಸಿ ಗೋಣಿಯಿಂದ ತಿಕ್ಕಿದೆವು. ಹಳೆಯ ಕಟ್ಟಿಗೆ ಕಾವಿಯನ್ನು ಕುಡಿದುಬಿಟ್ಟಿತ್ತು. ಎರಡು ಬಾಗಿಲಾಗುವಷ್ಟರಲ್ಲಿ ನನ್ನ ಬೆರಳ ಚರ್ಮ ಸುಲಿಯಿತು, ವೃತ್ತ ಮಾತ್ರ ಮಸುಕಾಗಿ ಹಾಗೇ ಉಳಿಯಿತು. ಕಾಕಾ ಜಗುಲಿಯಿಂದಲೇ ನೋಡುತ್ತಿದ್ದ.

"ಪದವೀಧರರೇನ್ರಿ ನೀವು?"

"ಹೌದು."

"ಅದಕ್ಕ. ತಿಕ್ಕಿದ್ರ ಹೋಗಂಗಿಲ್ಲ. ಚೌಕಟ್ಟಿಗೆಲ್ಲಾ ಕಾವಿ ಬಳೀರಿ. ಆವಾಗ ಗುರುತ ಎಲ್ಲೈತಿ ತೋರಸ್ರಿ ನೋಡೂಣು."

ಕಾವಿ ತಂದು ಬಳಿದೆವು. ಶುಕ್ರವಾರ ಸಂಜೆಯೊಳಗೆ ಹದಿನಾರು, ಶನಿವಾರ ಇಪ್ಪತ್ತೈದು, ಒಟ್ಟು ನಲವತ್ತೊಂದು ಚೌಕಟ್ಟು. ಮೊದಲ ಏಳು ಮನೆಯವರು ನನ್ನ ಮಾತನ್ನು ಬಾಗಿಲ ಹಿಂದಿನಿಂದಲೇ ಕೇಳಿಸಿಕೊಂಡರು. ಎಂಟನೆಯ ಮನೆಯಾಕೆ ಹೊರಗೆ ಬಂದು ಬಣ್ಣ ನೋಡಿ, "ಮ್ಯಾಲಿನ ತುದಿ ಬಿಟ್ಟೀರಿ, ಅದನ್ಯಾರ ಬಳೀಬೇಕು, ನಮ್ಮಪ್ಪ?" ಎಂದಳು. ಅಲ್ಲಿಂದ ಬಾಗಿಲುಗಳು ತೆರೆಯತೊಡಗಿದವು. ಒಂದು ಮನೆಯವರು ನನಗೆ ಮಾತ್ರ ನೀರು ಕೊಡಲಿಲ್ಲ, ವಿದ್ಯಾರ್ಥಿಗೆ ಕೊಟ್ಟರು. ಎರಡು ದಿನವೂ ಅವನು ನನ್ನ ಪಕ್ಕದಲ್ಲೇ ಬಳಿದ. ಶನಿವಾರ ನನ್ನೊಡನೆ ಅವನಾಡಿದ ಮಾತು ನಾಲ್ಕು. ಮೂರು ಬಣ್ಣದ ವಿಷಯಕ್ಕೆ, ಒಂದು ಗಾಡಿಯ ಹೊತ್ತಿನ ವಿಷಯಕ್ಕೆ. ವಾರದ ಚರ್ಚೆಗೆ ನಾವು ಕೂರಲಿಲ್ಲ.

ಶನಿವಾರ ಸಂಜೆ ಕಾಕಾ ತಾನಾಗಿಯೇ ಹೇಳಿದ: ಓಣಿ ಬಿಟ್ಟವರೆಲ್ಲ, ಪ್ಲೇಗಿನ ಕಾಲದಲ್ಲಿ ಊರು ಬಿಡುತ್ತಿದ್ದ ಹಾಗೆ, ಗದಗದ ದಾರಿಯ ಬದಿಗಿರುವ ಬೀಳು ಹೊಲದಲ್ಲಿ ಗುಡಿಸಲು ಹಾಕಿದ್ದಾರೆ.

ಭಾನುವಾರ ೨೩ರಂದು ಬೆಳಿಗ್ಗೆ ಇಬ್ಬರೂ ನಡೆದು ಹೋದೆವು. ಎರಡೂ ಕಡೆ ಜೋಳ ತಲೆಗಿಂತ ಎತ್ತರ ನಿಂತಿತ್ತು. ಬೀಳು ಹೊಲದಲ್ಲಿ ಹನ್ನೊಂದು ಗುಡಿಸಲು, ಒಲೆಗಳ ಹೊಗೆ. ಹತ್ತೊಂಬತ್ತನೆಯ ಮನೆಯ ಅತ್ತೆ ನಮ್ಮನ್ನು ದೂರದಿಂದಲೇ ಕಂಡು ಎದ್ದು ನಿಂತಳು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿದಳು. ಆಮೇಲೆ ವಿದ್ಯಾರ್ಥಿಯ ಕಡೆ ತಿರುಗಿ, "ಖರೇನಪಾ? ಬ್ಯಾನಿ ಇಲ್ಲೇನ?" ಎಂದಳು.

"ಖರೇ ಅಜ್ಜಿ. ಯಾವ ಬ್ಯಾನೀನೂ ಇಲ್ಲ. ನಾನ ಬರದಾಂವ, ನನಗ ಗೊತ್ತಿಲ್ಲೇನ?"

ಅವಳು ಕೂತಳು. "ಪ್ಲೇಗಿನಾಗ ನಮ್ಮಪ್ಪ ಹೋದ, ಅವ್ವ ಹೋದ್ಲು, ಸಣ್ಣ ತಮ್ಮ ಹೋದ. ಗೀಟ ನಾ ಎಣಿಸೇನಿ" ಎಂದಳು.

"ಸೊಸೆ ಎಲ್ಲಿ?" ಎಂದು ನಾನು ಕೇಳಿದೆ.

"ಆಕಿನ್ನ ತವರಿಗೆ ಕಳಿಸೀವಿ. ಗಂಡನ ಕರಕೊಂಡ ಹೋಗ್ಯಾನ."

"ಯಾವ ಊರು?"

ಅವಳು ನನ್ನ ಕೈ ನೋಡಿದಳು. ನಾನೂ ನೋಡಿದೆ. ರೂಢಿಯ ಬಲದಿಂದ ನನ್ನ ಎಡಗೈಯಲ್ಲಿ ಹತ್ತೊಂಬತ್ತನೆಯ ಕಾರ್ಡು, ಬಲಗೈಯಲ್ಲಿ ಪೆನ್ಸಿಲು ಇದ್ದವು. ಯಾವಾಗ ತೆಗೆದೆನೋ ನನಗೆ ತಿಳಿದಿರಲಿಲ್ಲ.

"ಬರಕೊಳ್ಳಾಕ ಕೇಳ್ತೀಯಲ್ಲಾ? ನಾ ಹೇಳಂಗಿಲ್ಲ" ಎಂದಳು ಅವಳು.

ಕಾರ್ಡು, ಪೆನ್ಸಿಲು ಎರಡನ್ನೂ ಕಿಸೆಗೆ ಹಾಕಿಕೊಂಡೆ. ನರ್ಸಬಾಯಿ ಹೇಳಿದ್ದನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಮೂರು ಸಲ ಹೇಳಿದ. ಅವಳು, "ಬಸರಿದ್ದಾಗ ನಮ್ಮ ಕಾಲೂ ಬಾತಿದ್ದುವು" ಎಂದಳು. ಅವನ ಕೈ ಹಿಡಿದು ರೊಟ್ಟಿ ಕೊಟ್ಟಳು. ಊರ ಹೆಸರು ಹೇಳಲಿಲ್ಲ.

ತಿರುಗಿ ಬರುವಾಗ ಅವನು ಇದ್ದಕ್ಕಿದ್ದಂತೆ ದಾರಿಯ ನಡುವೆ ನಿಂತ.

"ಆಕಿ ನನಗ ಹೇಳಿದ್ಲರಿ, ತವರಿನ ಹೆಸರ. ಮೊದಲನೇ ದಿವಸ. ನಾ ಬರದಿದ್ದೆ."

"ಎಲ್ಲಿ? ಆ ಹಾಳೆ ಎಲ್ಲಿ?"

"ಶುದ್ಧಪ್ರತಿ ಮಾಡಂದ್ರಿ. ಮಾಡಿ, ಹಳೇದು ಹರದ ಒಲಿಗೆ ಹಾಕಿದೆ."

ಅವನು ಅಲ್ಲೇ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಕೊನೆಯಲ್ಲಿ 'ಕೊಪ್ಪ' ಇತ್ತು, ಮೊದಲಿನದು ನೆನಪಾಗುವುದಿಲ್ಲ ಎಂದ. ಆ ಕಡೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತ ಯಾವ ದಿಕ್ಕಿಗೆ ನಡೆದರೂ ಒಂದು ಕೊಪ್ಪ ಸಿಗುತ್ತದೆ.

ಓಣಿಯಲ್ಲಿ ಕೇಳಿದರೆ ಕಾಕಾನಿಗೆ ಆ ಊರ ಹೆಸರು ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ನಕಾಶೆಯಿಂದ ಇಪ್ಪತ್ತಾರು ಕೊಪ್ಪಗಳ ಹೆಸರು ಇಳಿಸಿಕೊಂಡೆ. ಹೆಸರುಗಳನ್ನು ಒಂದೊಂದಾಗಿ ಓದಿದೆ. ಪ್ರತಿಯೊಂದಕ್ಕೂ ಅವನು, "ಇರಬಹುದು" ಎಂದ. ಬಾಡಿಗೆಯ ಸೈಕಲ್ಲಿನ ಮೇಲೆ ನವೆಂಬರ್ ೨೪ರಿಂದ ೩೦ರವರೆಗೆ ಹನ್ನೊಂದು ಊರು ನೋಡಿದೆ. ಮೊದಲೆರಡು ದಿನ ಅವನೂ ಬಂದ. ಆಮೇಲೆ ಕಾಲೇಜಿನವರು ಅವನನ್ನು ಕರೆಸಿಕೊಂಡರು. ಉಳಿದ ಐದು ದಿನ ನಾನೊಬ್ಬನೇ. ಎರಿ ಮಣ್ಣಿನ ದಾರಿ, ಅರಳುತ್ತಿದ್ದ ಹತ್ತಿ, ಊರ ಮುಂದೆ ಕೂತವರನ್ನು ಕೇಳುವುದು: ಎತ್ತಿಗೆ ಲಾಳ ಕಟ್ಟುವ ಮುಸಲ್ಮಾನರ ಮನೆ ಇದೆಯೇ, ಹುಬ್ಬಳ್ಳಿಗೆ ಕೊಟ್ಟ ಮಗಳು ಬಂದಿದ್ದಾಳೆಯೇ? ಒಂದೂರಲ್ಲಿ ಲಾಳದವರ ಮನೆಯಿತ್ತು, ಮಗಳಿರಲಿಲ್ಲ. ಇನ್ನೊಂದೂರಲ್ಲಿ, "ನೀವ್ಯಾರು? ಸರಕಾರದವ್ರೇನು?" ಎಂದು ಕೇಳಿ ಎಲ್ಲರೂ ಎದ್ದು ಹೋದರು. ಏಳನೆಯ ದಿನ ಸೈಕಲ್ಲು ಕೆಟ್ಟಿತು, ನನಗೂ ಜ್ವರ ಬಂತು.

ಡಿಸೆಂಬರ್ ೩ರಂದು ಮುಂಬಯಿಯಿಂದ ಪತ್ರ. ನಡೆದದ್ದನ್ನೆಲ್ಲ ನಾನು ಬರೆದಿದ್ದೆ. ಉತ್ತರ ಎರಡು ಸಾಲಿನದು: ಗುರುತಿನ ಪದ್ಧತಿ ಕೈಬಿಡಿ, ಪೂರ್ಣವಾದ ಕಾರ್ಡುಗಳನ್ನು ಕಳಿಸಿ. ಕಾರ್ಡುಗಳನ್ನು ಕಳಿಸಲಿಲ್ಲ. ಓಣಿಯವರಿಗೆ ತಿರುಗಿ ಕೊಟ್ಟೆ. ಅದರಿಂದಾಗಿ ನನ್ನ ಪದವಿ ಒಂದು ವರ್ಷ ಹಿಂದೆ ಬಿತ್ತು. ಕಿರಿಯ ವಿದ್ಯಾರ್ಥಿಯ ಬಗ್ಗೆ ಅವನ ಪ್ರಾಧ್ಯಾಪಕರಿಗೆ ಬರೆದ ಪತ್ರದಲ್ಲಿ, ಈತನ ಅರಿವು ಮಾರ್ಗದರ್ಶಕನ ಅರಿವಿಗಿಂತ ಮುಂದಿತ್ತು, ಅದನ್ನು ಕೇಳಿಸಿಕೊಳ್ಳುವ ಶಿಕ್ಷಣ ಮಾರ್ಗದರ್ಶಕನಿಗೆ ಇರಲಿಲ್ಲ ಎಂದು ಬರೆದೆ. ಅವನು ಸ್ಟೇಶನ್ನಿಗೆ ನನ್ನನ್ನು ಕಳಿಸಲು ಬರಲಿಲ್ಲ. ಬರಬೇಕೆಂದು ನಾನು ಹೇಳಿಯೂ ಇರಲಿಲ್ಲ.

ಗುಡಿಸಲಿನಿಂದ ಹತ್ತು ಮನೆಯವರು ತಿರುಗಿ ಬಂದರೆಂದು ಕಾಕಾ ಯಾರಿಂದಲೋ ಬರೆಸಿ ತಿಳಿಸಿದ. ಹತ್ತೊಂಬತ್ತನೆಯವರು ಬರಲಿಲ್ಲ. ಕಳೆದ ವರ್ಷ, ೧೯೪೩ರ ಮಾರ್ಚಿನಲ್ಲಿ, ನಾನೇ ಹೋಗಿ ನೋಡಿದೆ. ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದರು. ಕಾಕಾ ಹೇಳಿದ್ದು ಇಷ್ಟು: "ಒಬ್ರು ಗಂಡ ಕೂಸ ಹುಟ್ಟೈತಿ, ಮಿರಜ ಕಡೆ ಹೋಗ್ಯಾರ ಅಂತಾರ. ಇನ್ನೊಬ್ರು ಏನೂ ಹೇಳಂಗಿಲ್ಲ. ಹೇಳದ ಇದ್ದದ್ದ ನನಗ ಸೇರಂಗಿಲ್ಲ, ತಮ್ಮಾ."

ನೋಡದೆ ಉಳಿದ ಕೊಪ್ಪಗಳು ಹದಿನೈದು. ಈಗ ನನ್ನ ಕೆಲಸ ದೂರದ ಊರಿನಲ್ಲಿದೆ, ಹೋಗುವುದಾಗಿಲ್ಲ. ಇದನ್ನು ಓದುವವರು ಅಂಥ ಯಾವುದಾದರೂ ಊರಿನವರಾಗಿದ್ದರೆ, ಕೆರೆಯಿರುವ ನಿಮ್ಮೂರಿನಲ್ಲಿ ಎತ್ತಿಗೆ ಲಾಳ ಕಟ್ಟುವ ಮನೆಯೊಂದಿದ್ದರೆ, ೧೯೪೧ರ ನವೆಂಬರ್ ೨೦, ಗುರುವಾರ, ಅಲ್ಲಿಗೆ ಹುಬ್ಬಳ್ಳಿಯಿಂದ ಚಕ್ಕಡಿಯಲ್ಲಿ ಒಬ್ಬ ತುಂಬು ಬಸುರಿ ಬಂದಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅವಳ ಹೆಸರು ಬೇಡ, ಊರ ಹೆಸರೂ ಬೇಡ. ಅವಳು ಇದ್ದಾಳೆ, ಅಥವಾ ಇಲ್ಲ ಎಂಬುದಷ್ಟೇ ಸಾಕು. ಇಲ್ಲವೆಂದಾದರೂ ಬರೆಯಿರಿ.